ಇಲಿಯ ಮೂಳೆಯಿಂದ ಅಣುವಿನ ತೂಕಕ್ಕೆ

1922ರಲ್ಲಿ ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಎಲ್ಮರ್ ಮೆಕಾಲಮ್ ಮತ್ತು ಸಂಗಡಿಗರು ಕಾಡ್ ಮೀನಿನ ಎಣ್ಣೆಯನ್ನು ಕಾಯಿಸಿ, ಅದರೊಳಗೆ ಗಾಳಿ ಹಾಯಿಸಿದರು. ವಿಟಮಿನ್ ಎ ನಾಶವಾದರೂ ರಿಕೆಟ್ಸ್ ವಾಸಿಮಾಡುವ ಗುಣ ಎಣ್ಣೆಯಲ್ಲಿ ಉಳಿದುಕೊಂಡಿತು. ಅದಕ್ಕೆ ಕಾರಣವಾದ ವಸ್ತುವೇ ವಿಟಮಿನ್ ಡಿ ಎನಿಸಿಕೊಂಡಿತು. ಹೆಸರೇನೋ ಬಂತು, ಅಳೆಯುವುದು ಹೇಗೆ? ರಿಕೆಟ್ಸ್ ಬರಿಸಿದ ಇಲಿಮರಿಗಳಿಗೆ ಎಣ್ಣೆ ತಿನ್ನಿಸಿ, ಕೆಲವು ದಿನ ಬಿಟ್ಟು ಅವುಗಳ ಮೂಳೆ ಸೀಳಿ ಸಿಲ್ವರ್ ನೈಟ್ರೇಟ್‌ನಲ್ಲಿ ಅದ್ದುತ್ತಿದ್ದರು. ಹೊಸದಾಗಿ ಕ್ಯಾಲ್ಸಿಯಂ ಕೂತಲ್ಲಿ ಕಪ್ಪು ಗೆರೆ ಮೂಡುತ್ತಿತ್ತು. ಈ ‘ಲೈನ್ ಟೆಸ್ಟ್’ ಎಣ್ಣೆಯ ಕಸುವನ್ನು ಹೇಳುತ್ತಿತ್ತೇ ಹೊರತು ರೋಗಿಯ ರಕ್ತದಲ್ಲಿ ಎಷ್ಟಿದೆಯೆಂದಲ್ಲ.

ರಕ್ತದಲ್ಲಿ ಹುಡುಕಬೇಕಾದದ್ದು ಯಾವುದನ್ನು ಎಂಬುದು ಗೊತ್ತಾದದ್ದು 1968ರಲ್ಲಿ, ವಿಸ್ಕಾನ್ಸಿನ್‌ನ ಹೆಕ್ಟರ್ ಡಿಲೂಕ ಅವರ ತಂಡ 25-ಹೈಡ್ರಾಕ್ಸಿ ವಿಟಮಿನ್ ಡಿಯನ್ನು ಗುರುತಿಸಿದಾಗ. ಲಿವರ್‌ನಲ್ಲಿ ತಯಾರಾಗುವ ಈ ರೂಪ ವಾರಗಟ್ಟಲೆ ರಕ್ತದಲ್ಲಿ ಉಳಿಯುತ್ತದೆ. ಅದನ್ನು ಹಿಡಿಯಲು 1971ರ ಹೊತ್ತಿಗೆ ಪ್ರೋಟೀನ್‌ಗಳನ್ನು, ಆಮೇಲೆ ಆಂಟಿಬಾಡಿಗಳನ್ನು ಬಳಸಿದರು.

ಆಂಟಿಬಾಡಿಗೂ ತನ್ನದೇ ಪಕ್ಷಪಾತ. ಚರ್ಮದಲ್ಲಿ ಬಿಸಿಲಿಗೆ ಹುಟ್ಟುವ ಡಿ3ಯನ್ನು ಚೆನ್ನಾಗಿ ಹಿಡಿಯುವ ಕೆಲವು ಕಿಟ್‌ಗಳು ಅದರ ಇನ್ನೊಂದು ಬಗೆಯಾದ ಡಿ2ರ ಮಾತ್ರೆ ನುಂಗಿದವರಲ್ಲಿ ಕಡಿಮೆ ಅಂಕಿ ತೋರಿಸುತ್ತಿದ್ದವು. ಔಷಧ ತೆಗೆದುಕೊಂಡರೂ ಕೊರತೆಯೆಂಬ ವರದಿ!

ಮಾಸ್ ಸ್ಪೆಕ್ಟ್ರೋಮೆಟ್ರಿ ಈ ಜಗಳವನ್ನು ತೂಕದಿಂದ ಬಗೆಹರಿಸಿತು. ಮೊದಲು ಸೀರಂಗೆ ಗೊತ್ತಾದಷ್ಟು ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಹೊತ್ತ ವಿಟಮಿನ್ ಬೆರೆಸುತ್ತಾರೆ. ಪ್ರೋಟೀನ್ ತೆಗೆಯುವಾಗ ಅಸಲಿ ಎಷ್ಟು ಸೋರಿದರೆ ಇದೂ ಅಷ್ಟೇ ಸೋರುತ್ತದೆ, ಲೆಕ್ಕ ತಪ್ಪದು. ಬಳಿಕ ಅಣುಗಳನ್ನು ಬೇರ್ಪಡಿಸುವ ಕಾಲಂ ದಾಟಿ ಯಂತ್ರದೊಳಗೆ ಹೊಕ್ಕ ಡಿ3 ರೂಪದ ಅಯಾನು 401ರಲ್ಲಿ, ಡಿ2 ರೂಪದ್ದು 413ರಲ್ಲಿ ಕಾಣುತ್ತದೆ. ಎರಡನ್ನೂ ಬೇರೆಬೇರೆಯಾಗಿ ಎಣಿಸಬಹುದು.

ತೂಕವೂ ಮೋಸ ಹೋಗುತ್ತದೆಂದು 2006ರಲ್ಲಿ ಬಯಲಾಯಿತು. ಹಸುಗೂಸುಗಳ ರಕ್ತದಲ್ಲಿ ‘3-ಎಪಿ’ ಎಂಬ ರೂಪ ಗಣನೀಯವಾಗಿ ಸಿಕ್ಕಿತು. ಅಣುವಿನ ಒಂದು ಮೂಲೆ ಅತ್ತ ತಿರುಗಿದೆ, ಅಷ್ಟೇ. ತೂಕದಲ್ಲಿ ಅಸಲಿಗೆ ಅವಳಿ. ತಮಾಷೆಯೆಂದರೆ, ಹಳೆಯ ಆಂಟಿಬಾಡಿ ಕಿಟ್‌ಗಳಲ್ಲಿ ಹಲವು ಈ ಅವಳಿಯನ್ನು ಗಣಿಸುತ್ತಲೇ ಇರಲಿಲ್ಲ. ಪರಿಹಾರ ಯಂತ್ರಕ್ಕೂ ಹಿಂದಿನ ಹಂತದಲ್ಲಿ ಸಿಕ್ಕಿತು: ಇಬ್ಬರನ್ನೂ ಬೇರೆಬೇರೆ ಹೊತ್ತಿಗೆ ಹೊರಬಿಡುವ ಕಾಲಂ. ಅಮೆರಿಕದ ಮಾನಕ ಸಂಸ್ಥೆ ಎನ್‌ಐಎಸ್‌ಟಿ 2009ರಲ್ಲಿ ಹೊರತಂದ ನಾಲ್ಕು ಬಗೆಯ ಪ್ರಮಾಣಿತ ಸೀರಂಗಳಲ್ಲಿ ಒಂದಕ್ಕೆ ಬೇಕೆಂದೇ ಎಪಿ ರೂಪ ಬೆರೆಸಲಾಗಿತ್ತು.

ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಮೀಕ್ಷೆ 2007ರಿಂದೀಚೆಗಿನ ಮಾದರಿಗಳನ್ನು ಮಾಸ್ ಸ್ಪೆಕ್ಟ್ರೋಮೆಟ್ರಿಯ ಹೊಸ ವಿಧಾನದಲ್ಲೇ ಅಳೆಯಿತು. ಆಗ ಹಳೆಯ ಅಂಕಿಗಳ ಜೊತೆ ಹೋಲಿಸುವಂತಿರಲಿಲ್ಲ. 1988ರಿಂದ ಕೂಡಿಟ್ಟಿದ್ದ ಫಲಿತಾಂಶಗಳನ್ನೆಲ್ಲ ಹೊಸ ಅಳತೆಗೆ ಹೊಂದಿಸಿ, ಮತ್ತೆ ಲೆಕ್ಕಹಾಕಿ ಪ್ರಕಟಿಸಬೇಕಾಯಿತು.