ಗೇಲಿಯೂ ಅರಿವೂ: ಆಳಂದ, ಅಫಜಲಪುರ, ಜೇವರ್ಗಿಯ ಸಾಹಿತ್ಯದ ಹಿನ್ನೋಟ

ಸೊಕ್ಕಿದವನ ಗೇಲಿ ಮತ್ತು ಮರುಳನಾದವನಿಗೆ ಬರುವ ಅರಿವು, ಇವೆರಡೂ ಒಂದೇ ಸನ್ನಿವೇಶದಲ್ಲಿ ಕೂಡಿ ಬರುವುದು ಆಳಂದ, ಅಫಜಲಪುರ, ಜೇವರ್ಗಿ ಸೀಮೆಯ ಸಾಹಿತ್ಯದ ಹಳೆಯ ಲಕ್ಷಣ. ಆಳಂದದ ಕಡೆಯಿಂದ ಹರಿದು ಬರುವ ಅಮರ್ಜಾ ಹೊಳೆ ಅಫಜಲಪುರ ತಾಲೂಕಿನ ದೇವಲ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಭೀಮೆ ಮುಂದೆ ಜೇವರ್ಗಿ ಸೀಮೆಗೆ ಇಳಿಯುತ್ತದೆ. ಈ ಎರಡು ಹೊಳೆಗಳ ದಂಡೆಯಲ್ಲಿ ಸುಮಾರು ಎಂಟು ನೂರು ವರ್ಷಗಳಿಂದ ಶಾಸನ, ಪುರಾಣ, ವಚನ, ತತ್ವಪದಗಳ ರೂಪದಲ್ಲಿ ಬೆಳೆದು ಬಂದ ಬರಹವನ್ನು ಒಟ್ಟಿಗೆ ಇಟ್ಟು ನೋಡಿದರೆ, ಗೇಲಿಯ ಧಾಟಿ ಅಷ್ಟಾಗಿ ಬದಲಾಗಿಲ್ಲ. ಅರಿವು ಯಾರಿಗೆ ದಕ್ಕಬೇಕು ಎಂಬ ಮಾತು ಮಾತ್ರ ಮತ್ತೆ ಮತ್ತೆ ಬದಲಾಗಿದೆ.

ಮೊದಲ ಸಾಕ್ಷ್ಯ ಸಿಗುವುದು ಈ ನೆಲದ ಹೊರಗೆ, ಹಾವೇರಿ ಜಿಲ್ಲೆಯ ಅಬ್ಬಲೂರಿನ ಸೋಮನಾಥ ದೇವಾಲಯದಲ್ಲಿ. ಸುಮಾರು 1200ರ ಹೊತ್ತಿಗೆ ಕೆತ್ತಿಸಿದ ಅಲ್ಲಿನ ಶಾಸನ ಏಕಾಂತದ ರಾಮಯ್ಯನ ಕಥೆಯನ್ನು ವಿವರವಾಗಿ ಹೇಳುತ್ತದೆ. ರಾಮಯ್ಯ ಅಂದಿನ ಅಲಂದೆ, ಇಂದಿನ ಆಳಂದದವನು. ಅವನು ಜೈನರೊಂದಿಗೆ ಪಣ ಕಟ್ಟಿ, ಮಾತು ತಪ್ಪದಂತೆ ಓಲೆಯಲ್ಲಿ ಬರೆಸಿಕೊಂಡು, ತಲೆ ಅರಿದುಕೊಂಡು ಏಳು ದಿನಗಳ ಮೇಲೆ ಮರಳಿ ಪಡೆದನಂತೆ. ಸೋತವರು ಮಾತಿಗೆ ತಪ್ಪಿ ದೊರೆ ಬಿಜ್ಜಳನಲ್ಲಿಗೆ ದೂರು ಒಯ್ದಾಗ, ಇನ್ನೊಮ್ಮೆ ಮಾಡಿ ತೋರಿಸಲೇ ಎಂದು ರಾಮಯ್ಯ ಕೇಳುತ್ತಾನೆ. ಅವರು ಹಿಂಜರಿಯುತ್ತಾರೆ, ದೊರೆ ರಾಮಯ್ಯನಿಗೆ ಜಯಪತ್ರ ಕೊಡುತ್ತಾನೆ. ಪವಾಡಕ್ಕಿಂತ ಈ ಎರಡನೆಯ ದೃಶ್ಯವೇ ಕಥೆಗಾರಿಕೆಯ ದೃಷ್ಟಿಯಿಂದ ಹೆಚ್ಚು ಚುರುಕು. ಆದರೆ ಇಲ್ಲಿ ಗೇಲಿ ಪೂರಾ ಎದುರಾಳಿಯ ಮೇಲೆ. ಗೆದ್ದವನಿಗೆ ಹೊಸದಾಗಿ ತಿಳಿಯಬೇಕಾದದ್ದೇನೂ ಇಲ್ಲ, ಸೋತವರಿಗೆ ಸಿಗುವುದು ಅವಮಾನವಷ್ಟೇ. ಹರಿಹರನೂ ಈ ಕಥೆಯನ್ನು ರಗಳೆ ಮಾಡಿದ್ದಾನೆ.

ಅದೇ ಜಯಪತ್ರ ಗಾಣಗಾಪುರದ ಕಥೆಯಲ್ಲಿ ನಗೆಪಾಟಲಿಗೆ ಈಡಾಗುತ್ತದೆ. ನೃಸಿಂಹ ಸರಸ್ವತಿ ಸ್ವಾಮಿಗಳ ಚರಿತ್ರೆಯಾದ ‘ಗುರುಚರಿತ್ರೆ’ಯನ್ನು ಸರಸ್ವತಿ ಗಂಗಾಧರ ಬರೆದದ್ದು ಮರಾಠಿ ಓವಿಗಳಲ್ಲಿ. ಕಥೆ ಬಹುಪಾಲು ನಡೆಯುವುದು ಮಾತ್ರ ಕನ್ನಡ ಸೀಮೆಯಲ್ಲಿ. ಇಬ್ಬರು ವೇದಪಂಡಿತರು ಊರೂರು ತಿರುಗಿ ಜಯಪತ್ರ ಕೂಡಿಹಾಕುತ್ತ, ಕುಮಸಿಯ ತ್ರಿವಿಕ್ರಮ ಭಾರತಿಗಳನ್ನು ವಾದಕ್ಕೆ ಕರೆಯುತ್ತಾರೆ. ವಾದ ಮಾಡಿ, ಇಲ್ಲವೇ ಪತ್ರ ಬರೆದುಕೊಡಿ ಎಂಬುದು ಅವರ ಹಟ. ಭಾರತಿಗಳು ಅವರನ್ನು ಗಾಣಗಾಪುರಕ್ಕೆ ಕರೆದುಕೊಂಡು ಹೊರಡುತ್ತಾರೆ. ಸನ್ಯಾಸಿ ಕಾಲ್ನಡಿಗೆಯಲ್ಲಿ, ಪಂಡಿತರು ಪಲ್ಲಕ್ಕಿಯಲ್ಲಿ. ವ್ಯಂಗ್ಯಕ್ಕೆ ಕವಿ ಬೇರೆ ಮಾತೇ ಆಡುವುದಿಲ್ಲ.

ಗಾಣಗಾಪುರದಲ್ಲಿ ಗುರು ನೃಸಿಂಹ ಸರಸ್ವತಿ ವಾದಕ್ಕೆ ಕೂರುವುದಿಲ್ಲ. ದಾರಿಯಲ್ಲಿ ಹೋಗುತ್ತಿದ್ದ, ಊರು ಹೊರಗಿಟ್ಟ ಜಾತಿಯ ಒಬ್ಬನನ್ನು ಕರೆಸಿ, ನೆಲದ ಮೇಲೆ ಏಳು ಗೆರೆ ಎಳೆಸಿ, ಒಂದೊಂದಾಗಿ ದಾಟಲು ಹೇಳುತ್ತಾನೆ. ಪ್ರತಿ ಗೆರೆಗೂ ಅವನಿಗೆ ಒಂದೊಂದು ಹಿಂದಿನ ಜನ್ಮ ನೆನಪಾಗುತ್ತದೆ. ಕಡೆಯ ಗೆರೆ ದಾಟಿದಾಗ ತಾನು ವೇದ ಬಲ್ಲ ಬ್ರಾಹ್ಮಣನೆನ್ನುತ್ತಾನೆ. ಗುರು ವಿಭೂತಿ ಹಚ್ಚಿದೊಡನೆ ವಾದಕ್ಕೆ ಅಣಿಯಾಗುತ್ತಾನೆ. ಪಂಡಿತರು ನಡುಗಿ ಕಾಲಿಗೆ ಬೀಳುತ್ತಾರೆ. ಅರಿವಿನ ಗಳಿಗೆಯನ್ನು ಹೀಗೆ ಕಣ್ಣಿಗೆ ಕಾಣುವಂತೆ, ಹೆಜ್ಜೆ ಹೆಜ್ಜೆಯಾಗಿ ಕಟ್ಟಿದ ಪ್ರಸಂಗಗಳು ಮಧ್ಯಕಾಲದ ಸಾಹಿತ್ಯದಲ್ಲಿ ಅಪರೂಪ. ಆದರೆ ಮುಂದಿನ ಭಾಗವನ್ನೂ ಓದಬೇಕು. ಹೆಂಡತಿ ಮಕ್ಕಳು ಹುಡುಕಿಕೊಂಡು ಬಂದರೂ ಅವನು ಮನೆಗೆ ಹೋಗಲು ಒಪ್ಪುವುದಿಲ್ಲ. ಆಗ ಗುರು ಒಬ್ಬ ಲೋಭಿ ಬ್ರಾಹ್ಮಣನಿಂದ ಅವನ ಮೈಮೇಲೆ ನೀರು ಸುರಿಸುತ್ತಾನೆ. ವಿಭೂತಿ ತೊಳೆದು ಹೋಗುತ್ತದೆ, ನೆನಪೂ ಹೋಗುತ್ತದೆ, ಇಲ್ಲಿಗೇಕೆ ಬಂದೆನೆಂದು ತಿಳಿಯದೆ ಅವನು ಮನೆಯವರ ಜೊತೆ ಹೊರಟುಬಿಡುತ್ತಾನೆ. ಪಂಡಿತರ ಸೊಕ್ಕು ಮುರಿಯಲು ಅವನ ಅರಿವು ಬೇಕಾಗಿತ್ತು. ಕೆಲಸ ಮುಗಿದ ಮೇಲೆ ಅದನ್ನು ಅವನ ಹತ್ತಿರ ಉಳಿಸಲು ಕಥೆಗೆ ಮನಸ್ಸಿಲ್ಲ. ಜಾತಿಯ ಕಟ್ಟಳೆಯನ್ನು ಒಂದು ಗಳಿಗೆ ಅಲುಗಾಡಿಸಿ ಮತ್ತೆ ಇದ್ದಲ್ಲೇ ಕೂರಿಸುವ ಕಥೆ ಇದು.

ಹದಿನೇಳನೆಯ ಶತಮಾನದಲ್ಲಿ ಜೇವರ್ಗಿಯ ಷಣ್ಮುಖಸ್ವಾಮಿಗಳು ‘ಅಖಂಡೇಶ್ವರ’ ಅಂಕಿತದಲ್ಲಿ ನೂರಾರು ವಚನ ಬರೆದರು. ಡಾಂಭಿಕ ಭಕ್ತರ ಮೇಲೆ ಅವರಿಗೂ ಸಿಟ್ಟುಂಟು, ಆದರೆ ಹೆಚ್ಚು ಒಲವು ಷಟ್‌ಸ್ಥಲದ ನಿರೂಪಣೆಯ ಕಡೆಗೆ. ನಗೆ ಅವರಲ್ಲಿ ಕಡಿಮೆ.

ನಗೆ ತುಂಬಿ ಬಂದದ್ದು ಕಡಕೋಳದ ಮಡಿವಾಳಪ್ಪನವರ ತತ್ವಪದಗಳಲ್ಲಿ. ಹದಿನೆಂಟು-ಹತ್ತೊಂಬತ್ತನೆಯ ಶತಮಾನಗಳಲ್ಲಿ ಬಾಳಿದ ಅವರ ಹುಟ್ಟೂರು ಅಫಜಲಪುರ ತಾಲೂಕಿನ ಬಿದನೂರು. ನೆಲೆಸಿದ್ದು ಮೊದಲು ಜೇವರ್ಗಿ ತಾಲೂಕಿಗೆ ಸೇರಿದ್ದ, ಈಗ ಯಡ್ರಾಮಿ ತಾಲೂಕಿಗೆ ಸೇರಿರುವ ಕಡಕೋಳದಲ್ಲಿ. ಹುಟ್ಟಿನ ನೆಪ ತೆಗೆದು ಅವರಿಗೆ ದೀಕ್ಷೆ ನಿರಾಕರಿಸಲಾಯಿತೆಂಬ ಕಥೆ ಭಜನೆಯವರ ಬಾಯಲ್ಲಿ ಇಂದಿಗೂ ಇದೆ. ಮಠ, ಮಡಿ, ಜಾತಿ, ವೇಷಗಳ ಮೇಲಿನ ಅವರ ಪದಗಳ ಖಾರ ನೋಡಿದರೆ ಆ ಕಥೆ ನಂಬುವಂತೆಯೇ ಇದೆ.

ತತ್ವಪದದ ಕಟ್ಟು ಈ ಕೆಲಸಕ್ಕೆ ಹೇಳಿ ಮಾಡಿಸಿದ್ದು. ಪಲ್ಲವಿಯಲ್ಲೇ ಒಂದು ಕುಟುಕು, ಇಲ್ಲವೇ ಕೇಳುಗನನ್ನು ನಿಲ್ಲಿಸಿ ಕೇಳುವ ಪ್ರಶ್ನೆ. ತಂಗಿ ಎಂದೋ, ಅಣ್ಣ ಎಂದೋ, ಮರುಳೇ ಎಂದೋ ಕರೆದು ಮಾತು ಶುರು. ಮುಂದಿನ ನುಡಿಗಳಲ್ಲಿ ಬೀಸುಕಲ್ಲು, ಹೊಲ, ಸಂತೆ, ಸೋರುವ ಮನೆಯಂಥ ದಿನದ ಬಾಳಿನ ಚಿತ್ರಗಳು ಬರುತ್ತವೆ. ಮೊದಲು ಅವು ತಮಾಷೆಯಾಗಿಯೇ ಕೇಳಿಸುತ್ತವೆ. ಪಲ್ಲವಿ ನುಡಿನುಡಿಗೂ ತಿರುಗಿ ಬರುತ್ತದೆ, ಪ್ರತಿಸಲವೂ ಅದರ ಅರ್ಥ ಕೊಂಚ ಸರಿಯುತ್ತದೆ. ಮೂರನೆಯ ನುಡಿಯ ಹೊತ್ತಿಗೆ ಮನೆಯೆಂದರೆ ಮೈ, ಬೀಸುವವಳು ಮನಸ್ಸು ಎಂದು ಹೊಳೆಯತೊಡಗುತ್ತದೆ. ಕಡೆಯ ನುಡಿಯಲ್ಲಿ ಗುರುವಿನ ಅಂಕಿತ ಬಂದಾಗ, ಇಷ್ಟು ಹೊತ್ತು ಇನ್ನೊಬ್ಬನ ಮೇಲೆ ಆಡಿದಂತಿದ್ದ ಗೇಲಿ ಕೇಳುವವನ ಕಡೆಗೇ ತಿರುಗಿರುತ್ತದೆ. ಹಾಡುವವನೂ ತಪ್ಪಿಸಿಕೊಳ್ಳುವುದಿಲ್ಲ. ಎಷ್ಟೋ ಪದಗಳಲ್ಲಿ ಕವಿ ಬೈಯುವುದು ತನ್ನ ಮನಸ್ಸನ್ನೇ.

1914ರಲ್ಲಿ ಬಂದ ಜೇಮ್ಸ್ ಜಾಯ್ಸ್‌ನ ‘ಡಬ್ಲಿನರ್ಸ್’ ಕಥೆಗಳಿಂದ ಇಂಥ ಅರಿವಿನ ಗಳಿಗೆ ಆಧುನಿಕ ವಿಮರ್ಶೆಯ ಮುಖ್ಯ ಮಾತಾಯಿತು. ಆ ಕಥೆಗಳಲ್ಲಿ ಅರಿವು ಬಹುಮಟ್ಟಿಗೆ ಒಂಟಿ ಮನುಷ್ಯನಿಗೆ, ಮೌನದಲ್ಲಿ, ನಿರಾಸೆಯ ಜೊತೆ ಬರುತ್ತದೆ. ಕಡಕೋಳದ ಪದ ಹಾಡುವುದು ಅಮಾವಾಸ್ಯೆಯ ಭಜನೆಯಲ್ಲಿ, ಜಾತ್ರೆಯಲ್ಲಿ, ಸಾವಿನ ಮನೆಯಲ್ಲಿ. ಏಕತಾರಿ, ದಿಮ್ಮು, ತಾಳಗಳ ನಡುವೆ ಹತ್ತಾರು ಮಂದಿ ಒಟ್ಟಿಗೆ ಸೊಲ್ಲು ಎತ್ತುತ್ತಾರೆ. ಒಬ್ಬ ಹಿರಿಯ ನಡುವೆ ನಿಲ್ಲಿಸಿ ಅರ್ಥ ಬಿಡಿಸುತ್ತಾನೆ, ಇನ್ನೊಬ್ಬ ಅದಕ್ಕೆ ಅಡ್ಡ ಪ್ರಶ್ನೆ ಹಾಕುತ್ತಾನೆ. ಹೊಳೆಯುವುದು ಗುಂಪಿನಲ್ಲಿ, ಜಗಳದ ಜೊತೆ.

ಗಾಣಗಾಪುರದ ಕಥೆ ಕಸಿದುಕೊಂಡದ್ದನ್ನು ಕಡಕೋಳದ ಪರಂಪರೆ ಕೈಗೆ ಕೊಟ್ಟಿತು ಎನ್ನಲು ಮಡಿವಾಳಪ್ಪನವರ ಶಿಷ್ಯರ ಹೆಸರುಗಳೇ ಸಾಕು: ಚೆನ್ನೂರಿನ ಜಲಾಲ ಸಾಹೇಬರು, ಖೈನೂರಿನ ಕೃಷ್ಣಪ್ಪನವರು, ತೆಲಗಬಾಳದ ರೇವಪ್ಪನವರು. ಒಬ್ಬರು ಮುಸ್ಲಿಮರು, ಒಬ್ಬರು ಬ್ರಾಹ್ಮಣರು. ಇವರು ಗುರುವಿನ ಪದ ಹಾಡಿ ಸುಮ್ಮನಾಗಲಿಲ್ಲ, ತಾವೂ ಪದ ಕಟ್ಟಿದರು. ಇಲ್ಲಿ ಅರಿವು ಬಂದವನು ಮನೆ ಬಿಟ್ಟು ಹೋಗಬೇಕಿಲ್ಲ, ಮರೆತು ಮನೆಗೆ ಮರಳಬೇಕಿಲ್ಲ. ಹಗಲು ಹೊಲದಲ್ಲಿ ದುಡಿದು ರಾತ್ರಿ ಭಜನೆಗೆ ಕೂರುತ್ತಾನೆ.

ಈ ಪದಗಳು ಉಳಿದದ್ದು ಬಾಯಿಂದ ಬಾಯಿಗೆ ಮತ್ತು ಕೈಬರಹದ ವಹಿಗಳಲ್ಲಿ. 1948ರವರೆಗೂ ನಿಜಾಮರ ಆಳ್ವಿಕೆಯಲ್ಲಿ ಆಡಳಿತದ ಭಾಷೆ ಮೊದಲು ಪಾರ್ಸಿ, ಆಮೇಲೆ ಉರ್ದು. ಕನ್ನಡ ಶಾಲೆ, ಕನ್ನಡ ಅಚ್ಚು ಎರಡೂ ವಿರಳ. ಹಳ್ಳಿಯ ಮಟ್ಟಿಗೆ ಭಜನೆಯೇ ಶಾಲೆಯಾಯಿತು. ಹರದೇಶಿ-ನಾಗೇಶಿ ಮೇಳಗಳಲ್ಲಿ ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಪದದಲ್ಲೇ ಜಗ್ಗಾಡುವ ಕಲೆಯೂ ಈ ಭಾಗದಲ್ಲಿ ಬೇರೂರಿತ್ತು. ಮಾತಿಗೆ ಮಾತು ಕೊಡುವ ಗೇಲಿ ಜನರಿಗೆ ಹೊಸದಾಗಿರಲಿಲ್ಲ.

ಅಚ್ಚಿನ ಕೆಲಸ ತಡವಾಗಿ ನಡೆಯಿತು. ಕಲಬುರಗಿಯ ಮೀನಾಕ್ಷಿ ಬಾಳಿ, ಕಡಕೋಳದವರೇ ಆದ ಮಲ್ಲಿಕಾರ್ಜುನ ಕಡಕೋಳ ಮೊದಲಾದವರು ಈ ಪರಂಪರೆಯನ್ನು ಓದುಗರ ಮುಂದೆ ತಂದರು. ರಾಷ್ಟ್ರೀಯ ಸಂತಕವಿ ಕನಕದಾಸ ಅಧ್ಯಯನ ಮತ್ತು ಸಂಶೋಧನಾ ಕೇಂದ್ರ ನಾಡಿನ ತತ್ವಪದಗಳನ್ನು ಸಂಪುಟಗಳಾಗಿ ಪ್ರಕಟಿಸಿತು. ಆದರೂ ಪುಸ್ತಕದ ಪಾಠಕ್ಕೂ ಭಜನೆಯ ಪಾಠಕ್ಕೂ ಅಂತರ ಉಳಿದೇ ಇದೆ. ಹಾಡುವವರು ಊರಿಗೆ ತಕ್ಕಂತೆ ನುಡಿ ಸೇರಿಸುತ್ತಾರೆ, ಬಿಡುತ್ತಾರೆ. ಹೆಚ್ಚು ಬಿಟ್ಟುಹೋಗುವುದು ಊರ ದೊಡ್ಡವರನ್ನೋ ಮಠದವರನ್ನೋ ನೇರವಾಗಿ ಚುಚ್ಚುವ ನುಡಿಗಳೇ ಇರಬೇಕು. ಸೌಮ್ಯವಾದ ಅನುಭಾವದ ನುಡಿಗಳಿಗೆ ಎಲ್ಲ ವೇದಿಕೆಗಳಲ್ಲೂ ಜಾಗವಿದೆ.