ನೆಗಡಿ ಇದ್ರೆ ಲಸಿಕೆ ಬೇಡ್ವಾ? ಒಂದು ಹಳೇ ಭಯದ ಕಥೆ

1/5
2017ರ ಫೆಬ್ರವರಿ ನೆನಪಿದ್ಯಾ? 9 ತಿಂಗಳಿಂದ 15 ವರ್ಷದವರೆಗಿನ ಎಲ್ಲ ಮಕ್ಕಳಿಗೂ ದಡಾರ-ರುಬೆಲ್ಲಾ ಲಸಿಕೆ ಅಂತ ಶಾಲೆಗೇ ಬಂದಿದ್ರಲ್ಲ. ಅವತ್ತು ನನ್ನ ಮೂಗು ಸೋರ್ತಿತ್ತು. "ನೆಗಡೀಲಿ ಸೂಜಿ ಬೇಡ" ಅಂತ ಅಮ್ಮ ಮನೇಲೇ ಉಳಿಸ್ಕೊಂಡ್ರು. ಈಗ ದಾಬಸ್‌ಪೇಟೆಯ ಅದೇ ಮನೇಲಿ ಅಕ್ಕನ ಮಗೂಗೆ 9 ತಿಂಗಳು ತುಂಬಿದೆ. ಅದೇ ಲಸಿಕೆ, ಅದೇ ನೆಗಡಿ, ಅದೇ ಮಾತು. ಈ ಭಯ ಎಷ್ಟು ಹಳೇದು ಅಂತ ಹುಡುಕ್ತಾ ಹೋದೆ. ಬನ್ನಿ.

2/5
ನಿಮ್ಮ ಅಜ್ಜಿಯ ತೋಳು ನೋಡಿ. ದುಂಡಗಿನ ಕಲೆ ಇದ್ರೆ ಅದು ಸಿಡುಬಿನ ಲಸಿಕೆಯದ್ದಿರಬಹುದು. (ನಮ್ಮ ತೋಳಿನ ಕಲೆ ಬೇರೆ, ಅದು ಕ್ಷಯದ ಬಿಸಿಜಿ.) 1796ರಲ್ಲಿ ಎಡ್ವರ್ಡ್ ಜೆನ್ನರ್ ಹಸುವಿನ ಸಿಡುಬಿನಿಂದ ಈ ದಾರಿ ಕಂಡುಕೊಂಡ. ಆದ್ರೆ ಫ್ರಿಜ್ ಇಲ್ಲದ ಕಾಲ. ಒಂದು ಮಗುವಿನ ತೋಳಿನ ಗುಳ್ಳೆಯ ರಸ ತೆಗೆದು ಇನ್ನೊಂದು ಮಗುವಿನ ತೋಳಿಗೆ ಹಾಕ್ತಿದ್ರು. ಹೀಗೆ ತೋಳಿಂದ ತೋಳಿಗೆ ದಾಟ್ತಾ ಲಸಿಕೆ ಬಾಗ್ದಾದ್, ಬಸ್ರಾ ಹಾದು ಬಾಂಬೆಗೆ ಬಂತು. 1802ರ ಜೂನ್ 14ರಂದು ಅಲ್ಲಿ ಅದನ್ನ ಮೊದಲು ಪಡೆದಿದ್ದು ಆನ್ನಾ ಡಸ್ಟ್‌ಹಾಲ್ ಅನ್ನೋ ಮೂರು ವರ್ಷದ ಮಗು.

3/5
ನಮ್ಮ ಮೈಸೂರಿನ ಕಥೆ ಇನ್ನೂ ಚೆಂದ. ಸುಮಾರು 1805ರಲ್ಲಿ ಥಾಮಸ್ ಹಿಕಿ ಬರೆದ ಚಿತ್ರದಲ್ಲಿ ಮೂವರು ಅರಮನೆ ಹೆಂಗಸರಿದ್ದಾರೆ. ಇತಿಹಾಸಕಾರ ನೈಜೆಲ್ ಚಾನ್ಸೆಲರ್ ಓದೋ ಪ್ರಕಾರ, ಬಲಗಡೆ ಇರೋದು ಮುಮ್ಮಡಿ ಕೃಷ್ಣರಾಜ ಒಡೆಯರ ಕಿರಿಯ ರಾಣಿ ದೇವಾಜಮ್ಮಣ್ಣಿ. ಸೆರಗು ಸರಿಸಿ, ಲಸಿಕೆ ಹಾಕಿಸಿಕೊಂಡ ತೋಳು ತೋರಿಸ್ತಿದ್ದಾರೆ. ನಡುವೆ ಇರೋದು ಲಕ್ಷ್ಮಿ ಅಮ್ಮಣ್ಣಿ. ಅವರ ಗಂಡ ತೀರಿಕೊಂಡಿದ್ದು ಸಿಡುಬಿನಿಂದ. ಜನರ ಹೆದರಿಕೆ ಬಿಡಿಸೋಕೆ ರಾಣಿಯೇ ತೋಳು ತೋರಿಸಬೇಕಾಯ್ತು!

4/5
ಈಗ ಪಾಯಿಂಟ್‌ಗೆ ಬರೋಣ. ತೋಳಿಂದ ತೋಳಿಗೆ ರಸ ಹೋಗುವಾಗ, ಕೊಡೋ ಮಗುವಿನ ಕಾಯಿಲೆಯೂ ಜೊತೇಲೇ ಹೋಗೋ ಅಪಾಯ ಇತ್ತು. ಹಾಗಾಗಿ "ಹುಷಾರಿಲ್ಲದ ಮಗು ಬೇಡ" ಅನ್ನೋದಕ್ಕೆ ಆವಾಗ ಅರ್ಥ ಇತ್ತು. ಇವತ್ತಿನ ಲಸಿಕೆ ಬರೋದು ಸೀಲ್ ಆದ ಬಾಟಲಿಯಿಂದ, ಒಂದೇ ಸಲ ಬಳಸೋ ಸಿರಿಂಜ್‌ನಲ್ಲಿ. ಕಾರಣ ಹೋಯ್ತು, ಭಯ ಮಾತ್ರ ಉಳೀತು. ಇನ್ನೊಂದು ಲೆಕ್ಕಾನೂ ಇದೆ: ಲಸಿಕೆ ಆದ್ಮೇಲೆ ಸಣ್ಣ ಜ್ವರ ಬರಬಹುದು, ಮೊದಲೇ ಇದ್ದ ನೆಗಡಿಯ ತಪ್ಪೂ ಸೂಜಿಯ ತಲೆಗೇ ಬೀಳುತ್ತೆ.

5/5
ಇವತ್ತಿನ ವೈದ್ಯರ ಮಾತು ಸರಳ. ಸಣ್ಣ ನೆಗಡಿ, ಕೆಮ್ಮು, ಸ್ವಲ್ಪ ಮೈ ಬಿಸಿ ಇದ್ರೂ ಲಸಿಕೆ ಹಾಕಿಸಬಹುದು. ವಾಸಿಯಾಗ್ತಿರೋ ನೆಗಡಿಗೆ ಕಾಯೋದೇ ಬೇಡ. ಜೋರು ಜ್ವರ, ಉಸಿರಾಟದ ಕಷ್ಟ, ಮಗು ತೀರಾ ಸುಸ್ತು ಅಂದ್ರೆ ಮಾತ್ರ ಚೇತರಿಸಿಕೊಳ್ಳೋವರೆಗೆ ತಡೀರಿ. ಹಿಂದೆ ಅಲರ್ಜಿ ಆಗಿದ್ರೆ ಮೊದಲೇ ಹೇಳಿ. ಪುಟ್ಟ ಮಕ್ಕಳಿಗೆ ವರ್ಷಕ್ಕೆ ಆರೇಳು ಸಲ ನೆಗಡಿ ಬರುತ್ತೆ, ಪ್ರತಿ ಸಲ ಮುಂದೂಡಿದ್ರೆ ಆ ದಿನ ಬರೋದು ಯಾವಾಗ? ದಡಾರ ಕಾಯಲ್ಲ. ರೋಗಿ ಎದ್ದು ಹೋದ ಮೇಲೂ ಅದರ ವೈರಸ್ ಎರಡು ಗಂಟೆವರೆಗೆ ಗಾಳಿಯಲ್ಲಿರಬಲ್ಲದು.

ಕೊನೆಗೆ ಏನಾಯ್ತು ಅಂದ್ರಾ? ಅಕ್ಕ ಮಗುನ ಎತ್ಕೊಂಡು ಹೋದ್ಳು. ಸಿಸ್ಟರ್ ಜ್ವರ ನೋಡಿ, ನಕ್ಕು, ಲಸಿಕೆ ಹಾಕಿದ್ರು. ಅಮ್ಮ ದಾರಿಯುದ್ದಕ್ಕೂ ಗೊಣಗಿದ್ರು, ಆದ್ರೆ ಬ್ಯಾಗ್ ಹಿಡ್ಕೊಂಡು ಜೊತೇಲೇ ಬಂದ್ರು.

ನಿಮ್ಮನೇಲೂ ನೆಗಡಿ ಅಂತ ತಪ್ಪಿಸಿದ ಲಸಿಕೆ ಇದ್ಯಾ? ತಾಯಿ ಕಾರ್ಡ್ ತೆಗೆದು ಇವತ್ತೇ ನೋಡಿ.

#ದಾಬಸ್‌ಪೇಟೆ #ನಮ್ಮಇತಿಹಾಸ #ಲಸಿಕೆ