ಹಿಂದಿನ ಸೀಟು ಇರುವ ಸ್ಪೋರ್ಟ್ಸ್ ಕಾರು

ಹುಬ್ಬಳ್ಳಿ ಬಿಟ್ಟು ಪುಣೆಗೆ ಬಂದು ಮೂವತ್ತು ವರ್ಷ ಆಗುತ್ತಾ ಬಂತು. ಬಂದಾಗ ಬಜಾಜ್ ಸ್ಕೂಟರು, ಆಮೇಲೆ ಸೆಕೆಂಡ್ ಹ್ಯಾಂಡ್ ಮಾರುತಿ 800, ಅದಾದ ಮೇಲೆ ಎಲ್ಲರ ಮನೆಯಲ್ಲೂ ಇರುವಂಥ ಒಂದು ಬೆಳ್ಳಿ ಬಣ್ಣದ ಸೆಡಾನು. ಮೂರನ್ನೂ ಮೈಲೇಜು, ಸರ್ವಿಸು, ಮಾರಿದರೆ ಎಷ್ಟು ಬರುತ್ತದೆ ಎಂದು ಲೆಕ್ಕ ಹಾಕಿಯೇ ಕೊಂಡದ್ದು. ಮಗಳು ಕೆಲಸಕ್ಕೆಂದು ಬೇರೆ ಊರಿಗೆ ಹೋದ ಮೇಲೆ ಒಂದು ಆಸೆ ಹುಟ್ಟಿತು ನೋಡಿ. ಈ ಸಲದ ಕಾರು ದಿನಾ ಬ್ಯಾಂಕಿಗೂ ಹೋಗಬೇಕು, ಓಡಿಸುವಾಗ ಒಂದಿಷ್ಟು ಖುಷಿಯನ್ನೂ ಕೊಡಬೇಕು!

ಆದರೆ ಇಪ್ಪತ್ತೈದು ವರ್ಷ ಇನ್ನೊಬ್ಬರ ಸಾಲದ ಅರ್ಜಿಯಲ್ಲಿ 'ಉದ್ದೇಶ' ಎಂಬ ಕಾಲಂ ಓದಿದವನಿಗೆ ತನ್ನ ಖುಷಿಗೆ ಕಾರು ಕೊಳ್ಳುವುದು ಸುಲಭವಲ್ಲ. ಅದಕ್ಕೊಂದು ಹಳೆಯ ಕಾರಣವೂ ಇದೆ.

1999ರ ಸುಮಾರಿಗೆ ಭೋಸರಿಯಲ್ಲಿ ಸಣ್ಣ ವರ್ಕ್‌ಶಾಪ್ ಇಟ್ಟುಕೊಂಡಿದ್ದ ಒಬ್ಬ ತರುಣ ನನ್ನ ಮೇಜಿಗೆ ಬಂದ. ಕೈಯಲ್ಲಿ ಸ್ಯಾನ್ ಸ್ಟಾರ್ಮ್ ಕಾರಿನ ಬ್ರೋಶರು. ನಿಮ್ಮಲ್ಲಿ ಕೆಲವರಿಗೆ ನೆನಪಿರಬಹುದು. ನಮ್ಮ ಬೆಂಗಳೂರಿನ ಸ್ಯಾನ್ ಕಂಪನಿ 1998ರಲ್ಲಿ ತಂದ, ಗೋವಾದಲ್ಲಿ ತಯಾರಾಗುತ್ತಿದ್ದ ಎರಡೇ ಸೀಟಿನ ಪುಟ್ಟ ಕಾರು ಅದು. ಮೈಯೆಲ್ಲ ಫೈಬರ್ ಗ್ಲಾಸು. ಎಂಜಿನ್ ರೆನೊ ಕಂಪನಿಯ 1149 ಸಿಸಿ, ಸುಮಾರು 60 ಹಾರ್ಸ್ ಪವರ್. ಯುರೋಪಿನಲ್ಲಿ ಟ್ವಿಂಗೊ, ಕ್ಲಿಯೊ ಎಂಬ ಮನೆವಾರ್ತೆಯ ಕಾರುಗಳಿಗೆ ಹಾಕುತ್ತಿದ್ದ ಎಂಜಿನ್ನೇ. ಕಾರು ಹಗುರ ಇದ್ದರೆ ಅಷ್ಟೇ ಶಕ್ತಿಯಲ್ಲೂ ಮಜಾ ಬರುತ್ತದೆ ಎಂಬುದು ಅದರ ಹಿಂದಿನ ಲೆಕ್ಕ.

ಆ ಹುಡುಗನ ಕಾಗದಪತ್ರ ಎಲ್ಲ ಸರಿಯಿತ್ತು. ಆದರೂ ನಾನು ಟಿಪ್ಪಣಿ ಬರೆದೆ: 'ಎರಡು ಸೀಟು, ಉಪಯುಕ್ತತೆ ಸೀಮಿತ, ಮರುಮಾರಾಟದ ಬೆಲೆ ತಿಳಿಯದು.' ಮೇಲಿನವರು ಒಪ್ಪಿದರು. ಅವನು ನಾಲ್ಕು ಬಾಗಿಲಿನ ಕಾರು ಕೊಂಡ, ಒಂದು ಕಂತೂ ತಪ್ಪಿಸಲಿಲ್ಲ. ಐದು ವರ್ಷದ ನಂತರ ಸಾಲ ತೀರಿಸಲು ಬಂದಾಗ "ಗಾಡಿ ಹೇಗಿದೆ?" ಅಂತ ಕೇಳಿದೆ. "ಚೆನ್ನಾಗಿದೆ ಸಾಹೇಬ್, ಹೇಳೋದಕ್ಕೆ ಏನೂ ಇಲ್ಲ" ಅಂದ. ಈ ಮಾತು ಇವತ್ತಿಗೂ ಮರೆತಿಲ್ಲ.

ನಿಜ ಹೇಳಬೇಕೆಂದರೆ ಇಂಥ ಪ್ರಯತ್ನ ಬೆಂಗಳೂರಿಗೆ ಹೊಸದೇನೂ ಆಗಿರಲಿಲ್ಲ. 1982ರಲ್ಲೇ ಸಿಪಾನಿ ಆಟೊಮೊಬೈಲ್ಸ್‌ನವರು ಡಾಲ್ಫಿನ್ ಎಂಬ ಕಾರು ತಂದಿದ್ದರು. ಇಂಗ್ಲೆಂಡಿನ ರಿಲಯಂಟ್ ಕಿಟನ್ ಅದರ ಮೂಲ. 848 ಸಿಸಿ ಎಂಜಿನ್, ಎರಡು ಬಾಗಿಲು, ಅದಕ್ಕೂ ಫೈಬರ್ ಗ್ಲಾಸ್ ಮೈ. ಅಂಬಾಸಿಡರ್, ಪದ್ಮಿನಿಗಳ ಕಾಲದಲ್ಲಿ ಅದು ಗರಿಯಷ್ಟು ಹಗುರ. ಹಾಗಾಗಿ ರೇಸು, ರ‍್ಯಾಲಿ ಓಡಿಸುವವರು ಅದನ್ನು ಹುಡುಕಿಕೊಂಡು ಹೋದರು. ಮನೆಮಂದಿ ಹೋಗಲಿಲ್ಲ. 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂದದ್ದೇ ತಡ, ನಾಲ್ಕು ಬಾಗಿಲಿನ ಎದುರು ಎರಡು ಬಾಗಿಲು ಸೋತಿತು. 1987ರಲ್ಲಿ ಸಿಪಾನಿಯವರೇ ಮೊಂಟಾನಾ ಎಂದು ಹೆಸರಿಟ್ಟು ಅದಕ್ಕೂ ನಾಲ್ಕು ಬಾಗಿಲು ಇಟ್ಟರು. ಹಿಂದಿನ ಸೀಟಿಗೆ ಅಜ್ಜಿ ಹತ್ತಲಾಗದ ಕಾರು ನಮ್ಮಲ್ಲಿ ನಡೆಯುವುದಿಲ್ಲ ಸ್ವಾಮಿ!

ಹೊರದೇಶದಲ್ಲೂ ದಿನಬಳಕೆಯ ಮಜಾದ ಕಾರು ಹುಟ್ಟಿದ್ದು ಹೆಚ್ಚಾಗಿ ಹಿಂದಿನ ಸೀಟು ಉಳಿಸಿಕೊಂಡೇ. 1961ರಲ್ಲಿ ಬ್ರಿಟನ್ನಿನ ರೇಸ್ ಕಾರು ತಯಾರಕ ಜಾನ್ ಕೂಪರ್, ಸಾದಾ ಮಿನಿಗೆ 997 ಸಿಸಿಯ ಚುರುಕು ಎಂಜಿನ್ ಹಾಕಿಸಿ ಮಿನಿ ಕೂಪರ್ ಮಾಡಿಸಿದ. ಅದರ ಅಣ್ಣತಮ್ಮಂದಿರು 1964, 1965 ಮತ್ತು 1967ರಲ್ಲಿ ಮಾಂಟೆ ಕಾರ್ಲೊ ರ‍್ಯಾಲಿ ಗೆದ್ದರು. 1976ರಲ್ಲಿ ಜರ್ಮನಿಯಲ್ಲಿ ಮಾರಾಟಕ್ಕೆ ಬಂದ ಗಾಲ್ಫ್ ಜಿಟಿಐ ಕೂಡ ಅಷ್ಟೇ, ಮನೆವಾರ್ತೆಯ ಗಾಲ್ಫ್‌ಗೆ 110 ಹಾರ್ಸ್ ಪವರಿನ ಎಂಜಿನ್. ಐದು ಸಾವಿರ ಕಾರು ಮಾಡಿ ನಿಲ್ಲಿಸೋಣ ಎಂದುಕೊಂಡಿದ್ದರಂತೆ. ಆ ಮೊದಲ ಪೀಳಿಗೆಯೇ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು.

ನಮ್ಮಲ್ಲಿ 2001ರಲ್ಲಿ ಬಂದ ಫಿಯಟ್ ಪಾಲಿಯೊ 1.6 ಅದೇ ಜಾತಿಯದು. ನೂರು ಹಾರ್ಸ್ ಪವರು, ಆದರೆ ಪೆಟ್ರೋಲ್ ಕುಡಿಯುವುದರಲ್ಲೂ ಮುಂದು. ಇಂಥ ದೊಡ್ಡ ಎಂಜಿನ್ನಿನ ಸಣ್ಣ ಕಾರುಗಳಿಗೆ ಏಟು ಬಿದ್ದದ್ದು ರಸ್ತೆಯಲ್ಲಲ್ಲ, ಬಜೆಟ್ಟಿನಲ್ಲಿ. ನಾನು ಬಿ.ಕಾಂ. ಓದಿದವನು, ಇದು ನನ್ನ ವಿಷಯ! 2006ರ ಬಜೆಟ್ಟಿನಲ್ಲಿ ಸಣ್ಣ ಕಾರಿಗೆ ಅಬಕಾರಿ ಸುಂಕ 24ರಿಂದ 16 ಪರ್ಸೆಂಟಿಗೆ ಇಳಿಯಿತು. ಸಣ್ಣ ಕಾರು ಎಂದರೆ ಯಾವುದು? ಉದ್ದ ನಾಲ್ಕು ಮೀಟರ್ ಒಳಗೆ, ಪೆಟ್ರೋಲ್ ಎಂಜಿನ್ 1200 ಸಿಸಿ ಒಳಗೆ ಇರಬೇಕು. ಆ ಗೆರೆಯ ಆಚೆ ಕಾಲಿಟ್ಟ ಕಾರಿಗೆ ಬೆಲೆ ಏರಿತು. 1.3 ಲೀಟರಿನ ಪೆಟ್ರೋಲ್ ಸ್ವಿಫ್ಟ್ ಕೂಡ 2010ರಲ್ಲಿ 1.2 ಆಯಿತು. ಜಿಎಸ್‌ಟಿ ಬಂದ ಮೇಲೂ ಗೆರೆ ಹಾಗೇ ಇದೆ. 2025ರ ಸೆಪ್ಟೆಂಬರ್ 22ರಿಂದ ಗೆರೆಯ ಒಳಗಿನ ಪೆಟ್ರೋಲ್ ಕಾರಿಗೆ 18 ಪರ್ಸೆಂಟು, ಹೊರಗಿನದಕ್ಕೆ 40.

ಈಗ ಪುಣೆಗೆ ಬರೋಣ. ಈ ಗೆರೆಯ ಎರಡೂ ಬದಿಯ ಕಥೆ ನಮ್ಮೂರಿನ ಸುತ್ತಲೇ ನಡೆದಿದೆ. ನಾಸಿಕ್ ರಸ್ತೆಯ ಚಾಕಣದಲ್ಲಿ 2009ರಲ್ಲಿ ಫೋಕ್ಸ್‌ವ್ಯಾಗನ್ ಕಾರ್ಖಾನೆ ಶುರುವಾಯಿತು. 2013ರಲ್ಲಿ ಅಲ್ಲಿಂದ ಪೋಲೊ ಜಿಟಿ ಟಿಎಸ್‌ಐ ಹೊರಬಂತು. ಎಂಜಿನ್ 1197 ಸಿಸಿ, ಗೆರೆಗೆ ಮೂರೇ ಸಿಸಿ ಕಡಿಮೆ! ಆದರೆ ಅದಕ್ಕೆ ಟರ್ಬೊ ಇತ್ತು. ಹೊಗೆಯ ರಭಸದಿಂದಲೇ ಒಂದು ಚಕ್ರ ತಿರುಗಿ ಎಂಜಿನ್ನಿಗೆ ಹೆಚ್ಚು ಗಾಳಿ ತುಂಬುತ್ತದೆ, ಸಣ್ಣ ಎಂಜಿನ್ ದೊಡ್ಡದರಂತೆ ಎಳೆಯುತ್ತದೆ. ಶಕ್ತಿ 105 ಹಾರ್ಸ್ ಪವರ್. ಅದಕ್ಕಿಂತ ಮುಖ್ಯ, ಪೂರ್ತಿ ಎಳೆತ 1500 ಆರ್‌ಪಿಎಂನಲ್ಲೇ ಸಿಗುತ್ತಿತ್ತು. ಅಂದರೆ ಮಜಾಕ್ಕೆ ನೂರಿಪ್ಪತ್ತು ಸ್ಪೀಡು ಬೇಕಿಲ್ಲ, ಸಿಗ್ನಲ್ ಬಿಟ್ಟ ಕೂಡಲೇ ಗೊತ್ತಾಗುತ್ತದೆ.

ನಗರ ರಸ್ತೆಯ ರಾಂಜಣಗಾವ್ ಅಷ್ಟವಿನಾಯಕ ಕ್ಷೇತ್ರ. ಗಣಪತಿ ದರ್ಶನಕ್ಕೆ ಹೋಗುವವರಿಗೆ ಅಲ್ಲಿನ ಫಿಯಟ್ ಕಾರ್ಖಾನೆಯೂ ಪರಿಚಯ. 2015ರ ಅಕ್ಟೋಬರಿನಲ್ಲಿ ಅಲ್ಲಿಂದ ಚೇಳಿನ ಗುರುತಿನ ಅಬಾರ್ಥ್ ಪುಂಟೊ ಬಂತು. 1.4 ಲೀಟರ್ ಟರ್ಬೊ, 145 ಹಾರ್ಸ್ ಪವರ್, ಶೋರೂಮ್ ಬೆಲೆ 9.95 ಲಕ್ಷ. ಉದ್ದ ನಾಲ್ಕು ಮೀಟರ್ ಒಳಗೇ ಇತ್ತು. ಆದರೆ 1368 ಸಿಸಿ, ಹಾಗಾಗಿ ತೆರಿಗೆಯಲ್ಲಿ ಅದು ದೊಡ್ಡ ಕಾರು. ಅಷ್ಟಾದರೂ ಹತ್ತು ಲಕ್ಷದೊಳಗೆ ಕೊಟ್ಟರಲ್ಲ, ಅದು ದೊಡ್ಡ ಮಾತು. 2024ರ ಜೂನಿನಲ್ಲಿ ಟಾಟಾದವರು ಆಲ್ಟ್ರೋಜ್ ರೇಸರ್ ತಂದರು. 1199 ಸಿಸಿ ಟರ್ಬೊ, 120 ಹಾರ್ಸ್ ಪವರ್. ಗೆರೆಗೆ ಒಂದೇ ಸಿಸಿ ಬಾಕಿ!

ಇವೆಲ್ಲ ನೋಡಿದ ಮೇಲೆ ನನಗೆ ಅನಿಸಿದ್ದು ಇಷ್ಟು. ನಮ್ಮ ಸ್ಪೋರ್ಟ್ಸ್ ಕಾರನ್ನು ರೂಪಿಸಿದವರು ಎಂಜಿನಿಯರುಗಳು ಮಾತ್ರ ಅಲ್ಲ. ತೆರಿಗೆಯ ಗೆರೆ, ರಸ್ತೆಯ ಗುಂಡಿ, ಹಿಂದೆ ಕೂರುವ ಅತ್ತೆ, ನನ್ನಂಥ ಸಾಲದ ಅಧಿಕಾರಿ, ಎಲ್ಲರೂ ಸೇರಿ ಕೂತು ತೀರ್ಮಾನ ಮಾಡಿದಂತಿದೆ. ಎರಡು ಸೀಟಿನ ಕಾರು ದಿನಬಳಕೆಗೆ ಆಗದು ಎಂಬ ನನ್ನ ಟಿಪ್ಪಣಿ ತಪ್ಪೇನಲ್ಲ, ಇವತ್ತೂ ನಾನು ಎರಡು ಸೀಟಿನದು ಕೊಳ್ಳಲಾರೆ. ತಪ್ಪಿದ್ದು 'ಉಪಯುಕ್ತತೆ' ಎಂಬ ಪದದಲ್ಲಿ. ಆ ಹುಡುಗ ಹಣ ಕಟ್ಟಬಲ್ಲವನಾಗಿದ್ದ, ಖುಷಿ ಅವನದು. ಅದಕ್ಕೆ ನನ್ನ ಒಪ್ಪಿಗೆ ಯಾಕೆ ಬೇಕಿತ್ತು?

ನಾನು ಕೊನೆಗೆ ಕೊಂಡದ್ದು 2018ರ ಸೆಕೆಂಡ್ ಹ್ಯಾಂಡ್ ಪೋಲೊ ಜಿಟಿ. ಪೋಲೊ ತಯಾರಿಕೆ 2022ರಲ್ಲಿ ಇಲ್ಲಿ ನಿಂತುಹೋಗಿದ್ದರಿಂದ ಹಳೆಯದೇ ಗತಿ. ರೇಸರ್ ಹೊಸದು ಸಿಗುತ್ತಿದ್ದಾಗ ನೋಡಿದ್ದೆ, ಅದರಲ್ಲಿ ಕ್ಲಚ್ಚು ಒತ್ತಬೇಕು, ಹಿಂಜವಡಿ ಟ್ರಾಫಿಕ್ಕಿನಲ್ಲಿ ನನ್ನ ಎಡ ಮೊಣಕಾಲು ಒಪ್ಪಲಿಲ್ಲ. ಕೊಳ್ಳುವ ಮೊದಲು ಹೆಂಡತಿಯನ್ನು ಹಿಂದೆ ಕೂರಿಸಿ ನಮ್ಮ ಸೊಸೈಟಿಯ ಸ್ಪೀಡ್ ಬ್ರೇಕರುಗಳ ಮೇಲೆ ಎರಡು ಸಲ ಓಡಿಸಿದೆ, ಸರ್ವಿಸ್ ದಾಖಲೆ ಪೂರ್ತಿ ಓದಿದೆ. ಹಳೆಯ ಚಟ!

ಮೊದಲ ಭಾನುವಾರ ಬೆಳಿಗ್ಗೆ ಆರಕ್ಕೆ ಹಳೆಯ ಕಾತ್ರಜ್ ಘಾಟ್ ಹತ್ತಿದೆವು. ತಿರುವುಗಳಲ್ಲಿ ನಾನು ಅರವತ್ತು ದಾಟಲೇ ಇಲ್ಲ, ದಾಟುವ ಅಗತ್ಯವೂ ಬೀಳಲಿಲ್ಲ. ಮೇಲೆ ಚಹಾ ಕುಡಿಯುವಾಗ ಹೆಂಡತಿ "ಇದನ್ನ ಹತ್ತ ವರ್ಷ ಮೊದಲ ತಗೊಂಡಿದ್ರ ಏನಾಗ್ತಿತ್ರೀ?" ಅಂದಳು. ಉತ್ತರ ಹೊಳೆಯಲಿಲ್ಲ.

ಅಂದಹಾಗೆ, ಸಾಲದ ಫಾರ್ಮಿನ 'ಉದ್ದೇಶ' ಕಾಲಂನಲ್ಲಿ 'ಸ್ವಂತ ಬಳಕೆ' ಅಂತ ಬರೆದೆ. 'ಖುಷಿಗೆ' ಅಂತ ಬರೆಯುವ ಮನಸ್ಸಿತ್ತು, ಧೈರ್ಯ ಬರಲಿಲ್ಲ.